‘ಮೆಮೊರಿ ಹಂಚಿಕೆ ಮಿತಿ’ ಅಂದರೆ ಯಾವ ಮಿತಿ?

ಬಳಗದ ಎಲ್ಲರಿಗೂ ನಮಸ್ಕಾರ.

ಪುಣೆಯ ಹಿಂಜವಡಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿರುವ ನಾವು ಕೆಲವರು, ವಿಜಯಪುರ, ಕಲಬುರಗಿ ಕಡೆಯಿಂದ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆಂದು ವರ್ಚುವಲ್ ಮೆಷಿನ್ (ವಿಎಂ, ಅಂದರೆ ಒಂದು ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಓಡುವ ಇನ್ನೊಂದು ಕಂಪ್ಯೂಟರ್) ಬಗ್ಗೆ ಕನ್ನಡ ಕೈಪಿಡಿಯೊಂದನ್ನು ಬರೆಯುತ್ತಿದ್ದೇವೆ. ಮೆಮೊರಿ ಅಧ್ಯಾಯಕ್ಕೆ ಬಂದು ಗಾಡಿ ನಿಂತಿದೆ. ತಕರಾರಿರುವುದು ‘ಹಂಚಿಕೆ’ ಪದದ ಮೇಲೆ.

ಸೆಟ್ಟಿಂಗ್‌ಗಳಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಒಂದು ವಿಎಂಗೆ ಇಷ್ಟು ಮೆಮೊರಿ ಎಂದು ಗೊತ್ತುಮಾಡುವುದು ಅಲೊಕೇಶನ್. ಮೆಮೊರಿ ಸಾಲದೆ ಪೈಪೋಟಿ ಬಿದ್ದಾಗ ಯಾರ ತೂಕ ಎಷ್ಟು ಎಂದು ಹೇಳುವುದು ಶೇರ್ಸ್. ವಿಎಂಗಳನ್ನು ನಡೆಸುವ ತಂತ್ರಾಂಶವಾದ ವಿಎಂವೇರ್‌ನಲ್ಲಿ ಹೈ, ನಾರ್ಮಲ್, ಲೋ ಎಂದರೆ ಪ್ರತಿ ಎಂಬಿಗೆ 20, 10, 5 ಶೇರ್. ಹಾಗಾಗಿ 4096 ಎಂಬಿಯ ನಾರ್ಮಲ್ ವಿಎಂಗೆ 40960 ಶೇರ್. ಮೂರನೆಯದು ಪೇಜ್ ಶೇರಿಂಗ್. ಹಲವು ವಿಎಂಗಳಲ್ಲಿ ಅಕ್ಷರಶಃ ಒಂದೇ ಆಗಿರುವ ಮೆಮೊರಿ ಪುಟಗಳಿದ್ದರೆ (ಪುಟ ಅಂದರೆ ಮೆಮೊರಿಯ ಒಂದು ಸಣ್ಣ ತುಂಡು), ಒಂದು ಪ್ರತಿ ಮಾತ್ರ ಇಟ್ಟುಕೊಂಡು ಎಲ್ಲರಿಗೂ ಅದನ್ನೇ ತೋರಿಸುವ ವ್ಯವಸ್ಥೆ. ಲಿನಕ್ಸ್‌ನಲ್ಲಿ ಇದಕ್ಕೆ ಕೆಎಸ್‌ಎಂ (ಕರ್ನೆಲ್ ಸೇಮ್‌ಪೇಜ್ ಮರ್ಜಿಂಗ್) ಎನ್ನುತ್ತಾರೆ, 2009ರಿಂದ ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲಿದೆ.

ಈ ಮೂರಕ್ಕೂ ಮೊದಲು ಬಾಯಿಗೆ ಬರುವ ಪದ ಹಂಚಿಕೆಯೇ. ಆದರೆ ಹಂಚಿದರೆ ವಸ್ತು ಭಾಗವಾಗಬೇಕು, ಅವರವರ ಪಾಲು ಅವರವರ ಕೈಗೆ ಹೋಗಬೇಕು. ಪೇಜ್ ಶೇರಿಂಗ್‌ನಲ್ಲಿ ಏನೂ ಭಾಗವಾಗುವುದಿಲ್ಲ, ಬೇರೆ ಬೇರೆ ಇದ್ದದ್ದು ಒಂದಾಗುತ್ತದೆ. (ನಮ್ಮ ಕಡೆ ‘ಹಂಚಿಕೆ ಹಾಕು’ ಅಂದರೆ ಉಪಾಯ ಹೂಡು ಎಂದೂ ಇದೆ. ಕೆಎಸ್‌ಎಂ ಮಾಡುವ ಕೆಲಸಕ್ಕೆ ಆ ಅರ್ಥವೇ ಹೆಚ್ಚು ಹೊಂದೀತು!)

ಇಲ್ಲಿನ ಮರಾಠಿ ಗೆಳೆಯರು ‘ಸಾಮಾಯಿಕ’ ಇಟ್ಟುಬಿಡಿ ಎಂದರು. ಮರಾಠಿಯಲ್ಲಿ ಅದು ಸರಿಯೇ, ಹಲವರಿಗೆ ಸೇರಿದ್ದು ಎಂದರ್ಥ. ಆದರೆ ನಮ್ಮ ಬೆಳಗಾವಿ ಕಡೆಯ ಜೈನರ ಮನೆಯಲ್ಲಿ ಸಾಮಾಯಿಕ ಎಂದರೆ ಧ್ಯಾನಕ್ಕೆ ಕೂರುವುದು.

ನನ್ನ ಒಲವು ‘ಜಂಟಿ’ ಕಡೆಗೆ. ಜಂಟಿ ಪಹಣಿ ಗೊತ್ತಿಲ್ಲದ ಹಳ್ಳಿ ಹುಡುಗರಿಲ್ಲ. ಇನ್ನೊಂದು ಅನುಕೂಲವೂ ಇದೆ: ಜಂಟಿಯಾದ ಪುಟವನ್ನು ಯಾರೂ ನೇರವಾಗಿ ತಿದ್ದುವಂತಿಲ್ಲ. ಒಂದು ವಿಎಂ ಅದರಲ್ಲಿ ಬರೆಯಲು ಹೋದ ಕ್ಷಣವೇ ಕರ್ನೆಲ್ ಅದಕ್ಕೊಂದು ಸ್ವಂತ ಪ್ರತಿ ಮಾಡಿಕೊಡುತ್ತದೆ. ಪಹಣಿಯ ಭಾಷೆಯಲ್ಲಿ ಹೇಳಿದರೆ ಪೋಡಿ ಆಯಿತು, ಜಂಟಿ ಜಮೀನು ಬೇರೆ ಬೇರೆ ಆದ ಹಾಗೆ. ಹೀಗೆ ಬರೆಯಲು ಹೋದಾಗ ಮಾತ್ರ ಪ್ರತಿ ಮಾಡುವ ಕ್ರಮವಾದ ಕಾಪಿ ಆನ್ ರೈಟ್‌ಗೆ ‘ಪೋಡಿ’ ಎಂದೇ ಬರೆಯುವಷ್ಟು ಧೈರ್ಯ ನನಗಿಲ್ಲ. ಪಾಠ ಮಾಡುವಾಗ ಬಾಯಿಮಾತಿನಲ್ಲಿ ಹೇಳಬಹುದು.

ಮಿತಿಯ ವಿಷಯ ಇನ್ನೂ ತೊಡಕು. ಕೆಎಸ್‌ಎಂನ ‘ಮ್ಯಾಕ್ಸ್ ಪೇಜ್ ಶೇರಿಂಗ್’ ಸೆಟ್ಟಿಂಗ್‌ನ ಸಹಜ ಬೆಲೆ (ಡಿಫಾಲ್ಟ್) 256, ಕನಿಷ್ಠ 2. ಇದು ಎಷ್ಟು ಮೆಮೊರಿ ಎಂಬ ಲೆಕ್ಕವಲ್ಲ. ಒಂದು ಪುಟವನ್ನು ಎಷ್ಟು ಕಡೆಯಿಂದ ಬೊಟ್ಟುಮಾಡಬಹುದು ಎಂಬ ಲೆಕ್ಕ. 256 ದಾಟಿದರೆ ಅದೇ ಪುಟದ ಇನ್ನೊಂದು ಪ್ರತಿ ಹುಟ್ಟುತ್ತದೆ. ಮಿತಿ ಯಾಕೆಂದರೆ, ಆ ಪುಟವನ್ನು ಕದಲಿಸಬೇಕಾದಾಗ ಕರ್ನೆಲ್ ಅದಕ್ಕೆ ಅಂಟಿಕೊಂಡವರನ್ನೆಲ್ಲ ಹುಡುಕಿಕೊಂಡು ಹೋಗಬೇಕು. ಸಂಖ್ಯೆ ಸಾವಿರಗಟ್ಟಲೆ ಬೆಳೆದರೆ ಯಂತ್ರ ಮುಗ್ಗರಿಸುತ್ತದೆ. ‘ಗರಿಷ್ಠ ಪುಟ ಹಂಚಿಕೆ’ ಎಂದು ಬರೆದರೆ ಓದುವವನು 256 ಪುಟ ಎಂದುಕೊಳ್ಳುತ್ತಾನೆ, 256 ಎಂಬಿ ಎಂದುಕೊಂಡರೂ ಆಶ್ಚರ್ಯವಿಲ್ಲ. ‘ಪುಟವೊಂದಕ್ಕೆ ಗರಿಷ್ಠ ಜಂಟಿದಾರರು’ ಎಂದರೆ ಹೇಗೆ? ‘ಬಳಕೆದಾರರು’ ಬೇಡ, ಒಂದೇ ವಿಎಂ ಅದೇ ಪುಟಕ್ಕೆ ಹತ್ತು ಕಡೆಯಿಂದ ಅಂಟಿಕೊಂಡಿರಬಹುದು.

ವಿಎಂವೇರ್‌ನ ಮೆಮೊರಿ ಲಿಮಿಟ್‌ನಲ್ಲಿ -1 ಎಂದರೆ ಅನ್‌ಲಿಮಿಟೆಡ್. ಇದಕ್ಕೆ ‘ಅಪರಿಮಿತ’ ಎಂದು ಬರೆಯುವುದನ್ನು ನಾನು ವಿರೋಧಿಸುತ್ತೇನೆ. -1 ಇಟ್ಟರೂ ವಿಎಂಗೆ ಗೊತ್ತುಮಾಡಿದ ಮೆಮೊರಿಯಾಚೆ ಅದು ಹೋಗಲಾರದು. ‘ಬೇರೆ ಮಿತಿ ಹಾಕಿಲ್ಲ’ ಎನ್ನುವುದೇ ನಿಜಕ್ಕೆ ಹತ್ತಿರ.

ಸದ್ಯಕ್ಕೆ ಅಲೊಕೇಶನ್‌ಗೆ ‘ನಿಗದಿ’, ಶೇರ್ಸ್‌ಗೆ ‘ಪಾಲು’, ಶೇರಿಂಗ್‌ಗೆ ‘ಜಂಟಿ ಬಳಕೆ’ ಎಂದು ಇಟ್ಟುಕೊಂಡಿದ್ದೇವೆ. ಪಾಲಿನ ಬದಲು ‘ಹಿಸ್ಸೆ’ ಆಗಲಿ ಎನ್ನುವವರೂ ನಮ್ಮಲ್ಲಿದ್ದಾರೆ. ಹಳೇ ಮೈಸೂರು, ಕರಾವಳಿ ಕಡೆಯವರ ಕಿವಿಗೆ ಅದು ಒಗ್ಗುತ್ತದೆಯೇ ತಿಳಿಸಿ. ಇನ್ನು ಕೆಎಸ್‌ಎಂ ತೋರಿಸುವ ಎರಡು ಅಂಕಿಗಳಿವೆ. ‘ಪೇಜಸ್ ಶೇರ್ಡ್’ ಅಂದರೆ ಉಳಿಸಿಕೊಂಡ ಪ್ರತಿಗಳು, ‘ಪೇಜಸ್ ಶೇರಿಂಗ್’ ಅಂದರೆ ಅವುಗಳಿಗೆ ಅಂಟಿಕೊಂಡ ಹೆಚ್ಚುವರಿ ಕಡೆಗಳು, ಅಂದರೆ ಆದ ಉಳಿತಾಯ. ಇವೆರಡಕ್ಕೆ ‘ಜಂಟಿ ಪುಟ’, ‘ಉಳಿದ ಪುಟ’ ಎಂದು ಬರೆದು ನೋಡಿದೆವು. ಆದರೆ ‘ಉಳಿದ’ ಅಂದರೆ ಮಿಕ್ಕಿದ್ದು ಎಂದೂ ಆಗುತ್ತದಲ್ಲ, ಏನು ಮಾಡೋಣ?