ಅಪ್‌ಡೇಟ್: ಐಬಿಎಸ್ ಹೊಟ್ಟೆನೋವಿಗೆ ಕೊನೆಗೂ ದಾರಿ ಸಿಕ್ಕಿತು

ಶಿರಸಿಯಿಂದ ಮತ್ತೆ ನಾನೇ. ಊಟ ಆದ ಕೂಡಲೇ ಹೊಟ್ಟೆ ಹಿಂಡುತ್ತದೆ, ಉಬ್ಬರಿಸುತ್ತದೆ, ಡಾಕ್ಟರು ಐಬಿಎಸ್ (ಕರುಳು ಆಗಾಗ ಕೆರಳಿ ನೋವು, ಉಬ್ಬರ ಕೊಡುವ ತೊಂದರೆ) ಅಂದಿದ್ದಾರೆ, ಗಿಡಮೂಲಿಕೆಯಲ್ಲಿ ಏನಾದರೂ ಇದೆಯಾ ಅಂತ ಮೂರು ವಾರದ ಹಿಂದೆ ಕೇಳಿದ್ದೆ.

ಕೆಲಸ ಮಾಡಿದ್ದು ಪೆಪ್ಪರ್‌ಮಿಂಟ್ ಎಣ್ಣೆಯ ಕ್ಯಾಪ್ಸೂಲ್. ಸೂಚಿಸಿದ ಅಕ್ಕನಿಗೆ ದೊಡ್ಡ ಥ್ಯಾಂಕ್ಸ್. ಡಾಕ್ಟರನ್ನು ಕೇಳಿಯೇ ಶುರು ಮಾಡಿದೆ, ಊಟಕ್ಕೆ ಅರ್ಧ ಗಂಟೆ ಮೊದಲು. ಅದರ ಮೆಂಥಾಲ್ ಕರುಳಿನ ಸ್ನಾಯುವಿನ ಬಿಗಿತ ಸಡಿಲಿಸುತ್ತದಂತೆ. ಕರುಳಿಗೆ ಹೋಗಿ ಕರಗುವ ಲೇಪ ಇರುವುದನ್ನೇ ತಗೊಳ್ಳಿ, ಜಗಿಯಬೇಡಿ. ಒಂದು ದಿನ ಬಾಯಲ್ಲೇ ಒಡೆದು, ಸಂಜೆವರೆಗೂ ಎದೆಯುರಿ.

ಆಶ್ಚರ್ಯ ಅಂದರೆ, ನಮ್ಮ ಹಿತ್ತಲ ಪುದೀನ ಪೆಪ್ಪರ್‌ಮಿಂಟ್ ಅಲ್ಲ, ಬೇರೆ ಜಾತಿ! ಅದರಲ್ಲಿ ಮೆಂಥಾಲ್ ತೀರಾ ಕಡಿಮೆ, ಕಾರ್ವೋನ್ ಅನ್ನೋ ಬೇರೆ ಪರಿಮಳದ ಅಂಶ ಜಾಸ್ತಿ. ಆಯಿ ದಿನಾ ಮಾಡಿಕೊಟ್ಟ ಪುದೀನ ತಂಬುಳಿ ರುಚಿಯಾಗಿತ್ತು, ನೋವು ಮಾತ್ರ ಹಾಗೇ ಇತ್ತು.

ಅರಿಶಿನ ಹಾಲಿನಿಂದ ಉಬ್ಬರ ಹೆಚ್ಚಾಯಿತು, ಬಿಟ್ಟೆ. ಗೋಧಿ ತೌಡೂ ಆಗಲಿಲ್ಲ. ಇಸಬ್‌ಗೋಲ್ ಒಂದು ಚಮಚದಿಂದ ಶುರು ಮಾಡಿ, ನೀರು ಜಾಸ್ತಿ ಕುಡಿದೆ, ಈಗ ಬೆಳಿಗ್ಗೆ ಸಲೀಸು. ಹಲಸಿನ ಹಣ್ಣು, ಬೆಳ್ಳುಳ್ಳಿ ಸದ್ಯಕ್ಕೆ ದೂರ. ನಿನ್ನೆ ಮದುವೆಮನೆಯಲ್ಲಿ ಕೊನೇ ಪಂಕ್ತಿವರೆಗೂ ನಿಂತು ಬಡಿಸಿದೆ, ಒಮ್ಮೆಯೂ ಹೊಟ್ಟೆ ಹಿಡಿದುಕೊಳ್ಳಲಿಲ್ಲ.