ಸಹಾಯ ಬೇಕು: ಕೈಯಲ್ಲಿ ಕಳಿಸಿದ ಮೋರ್ಸ್ ಕೋಡ್, ಗ್ಯಾಪ್ ಹತ್ರ ಸಿಕ್ಕಿಹಾಕ್ಕೊಂಡಿದೀನಿ

ಪೈಥಾನ್‌ನಲ್ಲಿ ಮೋರ್ಸ್ ಡಿಕೋಡರ್ ಬರೀತಿದೀನಿ. ಕಂಪ್ಯೂಟರ್ ಕಳಿಸಿದ ಕೋಡ್ ಆದ್ರೆ ಒಂದಕ್ಷರ ತಪ್ಪದೆ ಓದತ್ತೆ. ಸ್ಟ್ರೈಟ್ ಕೀಯಲ್ಲಿ (ಕೈಯಿಂದ ಒತ್ತಿ ಬಿಡೋ ಸಾದಾ ಮೋರ್ಸ್ ಕೀಲಿ) ಮನುಷ್ಯರು ಒತ್ತಿದ ರೆಕಾರ್ಡಿಂಗ್ ಕೊಟ್ರೆ ಬರೀ ಕಲಸುಮೇಲೋಗರ.

ಟೋನ್ ಹಿಡಿಯೋದು ಸಮಸ್ಯೆ ಅಲ್ಲ, ಗೋರ್ಟ್‌ಜೆಲ್ ಫಿಲ್ಟರ್ (ಒಂದು ನಿರ್ದಿಷ್ಟ ಆವರ್ತನದ ಧ್ವನಿ ಇದೆಯಾ ಅಂತ ನೋಡೋ ಲೆಕ್ಕ) ಹಾಕಿದೀನಿ. ಡಾಟ್, ಡ್ಯಾಶ್ ಕೂಡ ಸರಿಯಾಗಿ ಬೇರೆ ಆಗ್ತಿವೆ.

ತೊಂದರೆ ಇರೋದು ಮಧ್ಯದ ಮೌನದಲ್ಲಿ. ನಿಯಮದ ಪ್ರಕಾರ ಅಕ್ಷರದ ಒಳಗಿನ ಗ್ಯಾಪ್ 1 ಯೂನಿಟ್ (ಒಂದು ಡಾಟ್‌ನಷ್ಟು ಸಮಯ), ಅಕ್ಷರಗಳ ನಡುವೆ 3, ಪದಗಳ ನಡುವೆ 7. ನಿಮಿಷಕ್ಕೆ 20 ಪದದ ವೇಗದಲ್ಲಿ ಒಂದು ಯೂನಿಟ್ ಅಂದ್ರೆ 60 ಮಿಲಿಸೆಕೆಂಡ್. ಆದ್ರೆ ಕೈ ಎಲ್ಲಿ ಗಡಿಯಾರದ ಮಾತು ಕೇಳತ್ತೆ? ಒಳಗಿನ ಗ್ಯಾಪ್ 2 ಯೂನಿಟ್ ದಾಟತ್ತೆ, ಅಕ್ಷರಗಳ ನಡುವಿನದು ಅಲ್ಲಿಗೇ ಇಳಿಯತ್ತೆ. 'ಎ' ಒಡೆದು 'ಇ', 'ಟಿ' ಆಗತ್ತೆ. 'ಎ', 'ಎನ್' ಅಂಟಿಕೊಂಡು 'ಪಿ' ಆಗತ್ತೆ. ಅದೇ ರೆಕಾರ್ಡಿಂಗ್ ಕಿವಿಯಲ್ಲಿ ಕೇಳಿದ್ರೆ ಆರಾಮಾಗಿ ಅರ್ಥ ಆಗತ್ತೆ, ಅದೇ ಉರಿ!

2 ಯೂನಿಟ್‌ಗೆ ಗಡಿ ಇಟ್ಟು ನೋಡ್ದೆ, ವೇಗಕ್ಕೆ ಮೂವಿಂಗ್ ಆವರೇಜ್ ಹಾಕ್ದೆ. ಗ್ಯಾಪ್‌ಗಳಿಗೆ ಕೆ-ಮೀನ್ಸ್ (ಹತ್ತಿರದ ಬೆಲೆಗಳನ್ನ ಗುಂಪು ಮಾಡೋ ವಿಧಾನ) ಕೊಟ್ರೆ ಇನ್ನೂ ಕೆಟ್ಟೋಯ್ತು, ಪದಗಳ ನಡುವಿನ ಗ್ಯಾಪ್ ತೀರಾ ಕಮ್ಮಿ ಸಿಗೋದ್ರಿಂದ ಇರ್ಬೇಕು. ಹಿಡನ್ ಮಾರ್ಕೋವ್ ಮಾಡೆಲ್ (ಕಂಡ ಸಿಗ್ನಲ್‌ನಿಂದ ಅದರ ಹಿಂದಿನ ಕ್ರಮ ಊಹಿಸೋ ಸಂಭವನೀಯತೆಯ ಮಾಡೆಲ್) ಜೊತೆ ಭಾಷೆಯ ಸಂಭವನೀಯತೆ ಸೇರಿಸಬಹುದು, ಆದ್ರೆ ಅದು ಕಾಲ್‌ಸೈನ್‌ಗಳನ್ನೂ (ರೇಡಿಯೋ ಕೇಂದ್ರಗಳ ಅಕ್ಷರ-ಅಂಕಿಯ ಗುರುತುಗಳು) 'ತಿದ್ದಿ' ಹಾಳು ಮಾಡತ್ತೆ ಅನ್ನೋ ಭಯ.

ಈಗ ನನ್ನ ಪ್ರಶ್ನೆ: ಭಾಷಾ ಮಾಡೆಲ್ ಇಲ್ಲದೆ, ಕಳಿಸುವವರ ಟೈಮಿಂಗ್ ಒಂದರಿಂದಲೇ ಈ 1 ಮತ್ತು 3 ಯೂನಿಟ್ ಗ್ಯಾಪ್‌ಗಳನ್ನ ಬೇರ್ಪಡಿಸೋ ದಾರಿ ಇದೆಯಾ? ಇಲ್ಲಾಂದ್ರೆ, ಕಾಲ್‌ಸೈನ್ ಕೆಡದ ಹಾಗೆ ಭಾಷಾ ಮಾಡೆಲ್‌ನ ಎಲ್ಲಿ ಸೇರಿಸ್ಬೇಕು?