ಡಬಲ್ ಸ್ಟ್ಯಾಂಡ್ ಇಲ್ಲದ ಹೊಸ ಬೈಕಿಗೆ ಪ್ಯಾಡಾಕ್ ಸ್ಟ್ಯಾಂಡ್: ಬಲಬದಿ ಜಾರುತ್ತಿದೆ, ಯಾವುದನ್ನು ಕೊಳ್ಳಬೇಕು?

ಪ್ರಶ್ನೆ (ಮೂಡಿಗೆರೆ)

ಎಲ್ಲರಿಗೂ ನಮಸ್ಕಾರ. ಇತ್ತೀಚೆಗೆ 400 ಸಿಸಿಯ ಹೊಸ ಬೈಕೊಂದನ್ನು ಕೊಂಡಿದ್ದೇನೆ. ಅದಕ್ಕೆ ಸೈಡ್ ಸ್ಟ್ಯಾಂಡ್ ಮಾತ್ರ ಇದೆ. ಡಬಲ್ ಸ್ಟ್ಯಾಂಡ್ ಹಾಕಿಸಲು ಫ್ರೇಮಿನಲ್ಲಿ ಜಾಗವೇ ಇಲ್ಲವೆಂದು ಷೋರೂಮಿನವರು ತಿಳಿಸಿದ್ದಾರೆ. ನಮ್ಮ ಮನೆಯಿಂದ ಡಾಂಬರು ರಸ್ತೆ ಸೇರಬೇಕಾದರೆ ತೋಟದ ಮಣ್ಣುದಾರಿಯಲ್ಲೇ ಬರಬೇಕು. ಮಳೆ ಹಿಡಿದ ಮೇಲೆ ಚೈನಿನ ತುಂಬ ಕೆಸರು ಮೆತ್ತಿಕೊಳ್ಳುವುದರಿಂದ ಅದನ್ನು ಮೇಲಿಂದ ಮೇಲೆ ತೊಳೆದು ಎಣ್ಣೆ ಹಾಕಬೇಕಾಗುತ್ತದೆ.

ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸುವ ಪ್ಯಾಡಾಕ್ ಸ್ಟ್ಯಾಂಡನ್ನು ಸ್ನೇಹಿತರೊಬ್ಬರಿಂದ ತಂದು ನೋಡಿದೆ. ಅದು ರಬ್ಬರ್ ತಟ್ಟೆಗಳ ಮೇಲೆ ಹಿಂದಿನ ಚಕ್ರವನ್ನು ಹಿಡಿದಿರುವ ತೋಳನ್ನು, ಅಂದರೆ ಸ್ವಿಂಗ್‌ಆರ್ಮನ್ನು ಹೊರುವ ಮಾದರಿ. ಎಡಬದಿ ಸರಿಯಾಗಿ ಕೂರುತ್ತದೆ, ಆದರೆ ಹಿಡಿಯನ್ನು ಕೆಳಕ್ಕೆ ಒತ್ತುವಾಗ ಬಲಬದಿಯ ತಟ್ಟೆ ಜಾರಿ ಬೈಕು ಅತ್ತ ವಾಲುತ್ತದೆ. ಜೊತೆಗೆ ಹಿಡಿದುಕೊಳ್ಳಲು ಮನೆಯಲ್ಲಿ ಯಾವಾಗಲೂ ಇನ್ನೊಬ್ಬರಿರುವುದಿಲ್ಲ. ದೋಷ ಸ್ಟ್ಯಾಂಡಿನದೋ, ನಾನು ಎತ್ತುವ ಕ್ರಮದ್ದೋ? ನನ್ನ ಬೈಕಿಗೆ ಯಾವ ಬಗೆಯ ಸ್ಟ್ಯಾಂಡ್ ಸೂಕ್ತ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಸಕಲೇಶಪುರ)

ಸರ್, ಕೊಳ್ಳುವ ಮಾತಿಗೆ ಮೊದಲು ಮೂರು ವಿಷಯಗಳನ್ನು ನೋಡಿ ಹೇಳಿ. ಸ್ವಿಂಗ್‌ಆರ್ಮಿನ ಎರಡೂ ಬದಿಗಳ ತಳ ಒಂದೇ ಆಕಾರದಲ್ಲಿದೆಯೇ? ಹಿಂದಿನ ಚಕ್ರದ ಆಕ್ಸಲ್‌ಗೆ ಸ್ವಲ್ಪ ಮುಂದೆ, ಎರಡೂ ಬದಿಯಲ್ಲಿ ಮರೆ (ಬೋಲ್ಟ್ ತಿರುಗಿ ಕೂರುವ ಸುರುಳಿ ಗೆರೆ, ಥ್ರೆಡ್) ಇರುವ ತೂತುಗಳಿವೆಯೇ? ಬೈಕನ್ನು ಎಂಥ ನೆಲದ ಮೇಲೆ ಎತ್ತುತ್ತಿದ್ದೀರಿ?

ಪ್ರಶ್ನೆ ಕೇಳಿದವರು

ನೋಡಿದೆ, ಸರ್. ಎಡಬದಿಯ ತಳ ನೇರವಾಗಿ ಚಪ್ಪಟೆಯಾಗಿದೆ. ಬಲಬದಿ ಸೈಲೆನ್ಸರಿಗೆ ಜಾಗ ಬಿಡುವುದಕ್ಕಾಗಿ ಮೇಲಕ್ಕೆ ಬಾಗಿದೆ. ಎರಡೂ ಬದಿಯಲ್ಲಿ ತೂತುಗಳಿವೆ. ರಬ್ಬರ್ ಮುಚ್ಚಳ ತೆಗೆದರೆ ಒಳಗೆ ಮರೆ ಕಾಣುತ್ತದೆ. ಎತ್ತುವುದು ಮನೆಯ ಮುಂದಿನ ಕಾಫಿ ಕಣದ ಮೇಲೆ, ಸಿಮೆಂಟಿನ ನೆಲ.

ಉತ್ತರ (ಸಕಲೇಶಪುರ)

ಹಾಗಾದರೆ ಕಾರಣ ಅಲ್ಲೇ ಇದೆ. ತಟ್ಟೆಯ ಮಾದರಿಯ ಸ್ಟ್ಯಾಂಡ್ ಭಾರ ಹೊರಬೇಕಾದರೆ ಅದರ ಎರಡು ತಟ್ಟೆಗಳಿಗೂ ಸಮನಾದ, ಚಪ್ಪಟೆಯಾದ ತಳ ಸಿಗಬೇಕು. ತಮ್ಮ ಬೈಕಿನಲ್ಲಿ ಸ್ವಿಂಗ್‌ಆರ್ಮಿನ ಬಲಬದಿ ಬಾಗಿರುವುದರಿಂದ ಎಡಬದಿ ಭಾರ ಹಿಡಿದ ಹೊತ್ತಿಗೂ ಬಲಬದಿಯ ತಟ್ಟೆ ಓರೆಯಾದ ತಳಕ್ಕೆ ಬರೀ ತಗುಲಿಕೊಂಡಿರುತ್ತದೆ, ಹಿಡಿ ಒತ್ತಿದೊಡನೆ ಆ ಓರೆಯ ಗುಂಟ ಸರಿದುಹೋಗುತ್ತದೆ. ರಬ್ಬರ್ ಬದಲಾಯಿಸಿದರೂ, ತಟ್ಟೆಗೆ ಬಟ್ಟೆ ಸುತ್ತಿದರೂ ಇದು ಸರಿಹೋಗುವುದಿಲ್ಲ. ಸ್ನೇಹಿತರ ಸ್ಟ್ಯಾಂಡಿನಲ್ಲಿ ದೋಷವಿಲ್ಲ. ಅದು ಈ ಬೈಕಿಗೆ ಹೊಂದುವುದಿಲ್ಲ, ಅಷ್ಟೇ.

ಇದರ ಜೊತೆಗೆ ಕಣವನ್ನೂ ಗಮನಿಸಬೇಕು. ನೀರು ನಿಲ್ಲದೆ ಹರಿದುಹೋಗಲೆಂದು ಕಣಕ್ಕೆ ಒಂದು ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ. ಅದು ಕಣ್ಣಿಗೆ ಕಾಣುವುದಿಲ್ಲ. ಆದರೆ ಆ ಇಳಿಜಾರಿಗೆ ಅಡ್ಡಲಾಗಿ ಬೈಕು ನಿಲ್ಲಿಸಿದರೆ ಭಾರವೆಲ್ಲ ಒಂದು ಬದಿಗೇ ಬೀಳುತ್ತದೆ. ಮಟ್ಟಗೋಲಿಟ್ಟು ನೋಡಿ, ಸಮತಟ್ಟಾದ ಜಾಗವೊಂದನ್ನು ಗುರುತು ಮಾಡಿಕೊಳ್ಳಿ. ಬರಿಯ ಮಣ್ಣಿನ ಅಂಗಳದಲ್ಲಂತೂ ಎತ್ತಬೇಡಿ. ಹಿಡಿ ಒತ್ತುವಾಗ ಸ್ಟ್ಯಾಂಡಿನ ಗಾಲಿಗಳು ಉರುಳಬೇಕು, ಮಣ್ಣಿನಲ್ಲಿ ಅವು ಹೂತು ನಿಲ್ಲುತ್ತವೆ.

ಮರೆ ಇರುವ ತೂತುಗಳಿರುವುದು ತಮ್ಮ ಅದೃಷ್ಟ. ಅವುಗಳಿಗೆ ಸ್ಪೂಲ್ ಎಂಬ ಗುಂಡನೆಯ ಗುಬ್ಬಿಗಳನ್ನು ಬೋಲ್ಟಿನಿಂದ ಬಿಗಿದು, 'ವಿ' ಆಕಾರದ ಕೊಕ್ಕೆಗಳಿರುವ ಸ್ಟ್ಯಾಂಡ್ ಕೊಂಡರೆ ಸ್ವಿಂಗ್‌ಆರ್ಮಿನ ತಳ ಯಾವ ಆಕಾರದಲ್ಲಿದ್ದರೂ ಚಿಂತೆಯಿಲ್ಲ. ಗುಬ್ಬಿ ಕೊಕ್ಕೆಯೊಳಗೆ ಕುಳಿತ ಮೇಲೆ ಹಿಂದೆ ಮುಂದೆ ಜಾರುವುದಕ್ಕೆ ಎಡೆಯಿರುವುದಿಲ್ಲ, ಒಬ್ಬರೇ ಎತ್ತುವವರಿಗೆ ಇದಕ್ಕಿಂತ ಭದ್ರವಾದ ಬಗೆ ನನಗೆ ತಿಳಿದಂತೆ ಇಲ್ಲ. ಆದರೆ ಬೋಲ್ಟಿನ ಅಳತೆಯಲ್ಲಿ ಬಹಳ ಎಚ್ಚರ ಬೇಕು. ಕಂಪನಿಗೆ ತಕ್ಕಂತೆ ಅದು 6, 8 ಅಥವಾ 10 ಮಿಲಿಮೀಟರ್ ಇರುತ್ತದೆ. 10ರಲ್ಲಿಯೇ ಮರೆಯ ಅಂತರ ಕೆಲವದಕ್ಕೆ 1.25, ಕೆಲವದಕ್ಕೆ 1.5 ಮಿಲಿಮೀಟರ್. ಬೋಲ್ಟನ್ನು ಮೊದಲು ಕೈಬೆರಳಿನಿಂದಲೇ ತಿರುಗಿಸಿ. ಸಲೀಸಾಗಿ ಒಳಹೋಗದಿದ್ದರೆ ಅದು ಬೇರೆ ಅಳತೆಯದೆಂದೇ ತಿಳಿಯಿರಿ. ಸ್ಪ್ಯಾನರ್ ಹಾಕಿ ಬಲವಂತವಾಗಿ ತಿರುಗಿಸಿದರೆ ಅಲ್ಯೂಮಿನಿಯಂ ಸ್ವಿಂಗ್‌ಆರ್ಮಿನ ಮರೆ ಸವೆದುಹೋಗುತ್ತದೆ, ಆಮೇಲೆ ಅದರ ರಿಪೇರಿ ಸ್ಟ್ಯಾಂಡಿನ ಬೆಲೆಗಿಂತ ದೊಡ್ಡದಾಗುತ್ತದೆ.

ಅಂಗಡಿಯಲ್ಲಿ ಸ್ಟ್ಯಾಂಡ್ ನೋಡುವಾಗ ಅದರ ಮೇಲೆ ಬರೆದ ಭಾರದ ಅಂಕಿಯೊಂದನ್ನೇ ನಂಬಬೇಡಿ. ಮೂಲೆಗಳ ವೆಲ್ಡಿಂಗ್ ಸುತ್ತಲೂ ಪೂರ್ತಿಯಾಗಿದೆಯೇ, ಅಗಲ ಹೊಂದಿಸಿ ಬಿಗಿದ ಮೇಲೆ ಕೊಕ್ಕೆಗಳು ಅಲುಗಾಡುತ್ತವೆಯೇ, ಗಾಲಿಗಳು ಒಂದಕ್ಕೊಂದು ದೂರದಲ್ಲಿವೆಯೇ ಎಂಬುದನ್ನು ಮುಟ್ಟಿ ನೋಡಬೇಕು. ಹಿಡಿ ಉದ್ದವಿದ್ದಷ್ಟೂ ಒತ್ತುವ ಶ್ರಮ ಕಡಿಮೆ.

ಉತ್ತರ (ಚಿಕ್ಕಮಗಳೂರು)

ಮೇಲಿನವರು ಹೇಳಿದ್ದನ್ನು ನಾನೂ ಒಪ್ಪುತ್ತೇನೆ. ಆದರೆ ಸ್ಟ್ಯಾಂಡಿಗೆ ಹಣ ಹಾಕುವ ಬದಲು ಎಂಜಿನ್ ಕೆಳಗೆ ಜಾಕ್ ಕೊಟ್ಟು ಎತ್ತಿದರೆ ಎರಡು ಚಕ್ರಗಳ ಕೆಲಸವೂ ಆಗುವುದಿಲ್ಲವೇ? ಕಾರಿನ ಜಾಕ್ ಅನೇಕರ ಮನೆಯಲ್ಲಿ ಇದ್ದೇ ಇರುತ್ತದೆ.

ಉತ್ತರ (ಸಕಲೇಶಪುರ)

ಇದನ್ನು ದಯವಿಟ್ಟು ಮಾಡಬೇಡಿ. ಎಂಜಿನ್ ತಳದಲ್ಲಿರುವುದು ಆಯಿಲ್ ತುಂಬಿದ ಅಲ್ಯೂಮಿನಿಯಂ ಕವಚ ಮತ್ತು ಡ್ರೈನ್ ಬೋಲ್ಟ್. ಕಾರಿನ ಜಾಕಿನ ಸಣ್ಣ ತಲೆ ಇಡೀ ಬೈಕಿನ ಭಾರವನ್ನು ಅಂಗೈಯಗಲದ ಜಾಗಕ್ಕೆ ತಂದು ಹಾಕಿದರೆ ಕವಚ ಬಿರಿಯಬಹುದು. ಬೈಕು ಪಕ್ಕಕ್ಕೆ ಉರುಳದಂತೆ ತಡೆಯಲು ಅಲ್ಲಿ ಯಾವ ಆಧಾರವೂ ಇರುವುದಿಲ್ಲ. ಅಗಲವಾದ ತಲೆಯ ಬೈಕ್ ಜಾಕ್ ಬೇರೆ ಸಿಗುತ್ತದೆ, ಆದರೆ ಅದು ಎಂಜಿನ್ ಕೆಳಗೆ ಫ್ರೇಮಿನ ಕೊಳವೆಗಳು ಹಾದುಹೋಗಿರುವ ಬೈಕುಗಳಿಗೆ ಮಾತ್ರ.

ಇನ್ನೊಂದು ಸೂಕ್ಷ್ಮವನ್ನು ಬಹಳ ಜನ ಗಮನಿಸುವುದಿಲ್ಲ. ಫ್ರೇಮನ್ನು ಎತ್ತಿದಾಗ ಹಿಂದಿನ ಚಕ್ರ ಜೋತುಬಿದ್ದು, ಸಸ್ಪೆನ್ಷನ್ ಪೂರ್ತಿ ಚಾಚಿಕೊಳ್ಳುತ್ತದೆ, ಅದರೊಂದಿಗೆ ಚೈನಿನ ಸಡಿಲವೂ ಬದಲಾಗುತ್ತದೆ. ಪ್ಯಾಡಾಕ್ ಸ್ಟ್ಯಾಂಡ್ ಸ್ವಿಂಗ್‌ಆರ್ಮನ್ನು ಆಕ್ಸಲ್ ಹತ್ತಿರದಲ್ಲೇ ಹೊರುವುದರಿಂದ ಬೈಕಿನ ಭಾರ ಸಸ್ಪೆನ್ಷನ್ ಮೇಲೆಯೇ ಉಳಿದು, ಚೈನು ನೆಲದ ಮೇಲೆ ನಿಂತಾಗ ಇದ್ದಂತೆಯೇ ಹೆಚ್ಚುಕಡಿಮೆ ಇರುತ್ತದೆ. ಹಾಗಿದ್ದರೂ ಸಡಿಲವನ್ನು ಅಳೆಯುವಾಗ ಬೈಕು ಸೈಡ್ ಸ್ಟ್ಯಾಂಡಿನ ಮೇಲಿರಬೇಕೋ, ನೇರವಾಗಿ ನಿಂತಿರಬೇಕೋ ಎಂದು ಮಾಲೀಕರ ಕೈಪಿಡಿಯಲ್ಲಿ ಬರೆದಿರುತ್ತದೆ, ಅದನ್ನೇ ಪಾಲಿಸಿ.

ಒಬ್ಬರೇ ಎತ್ತುವ ಕ್ರಮ ಹೀಗೆ. ಬೈಕು ಕಡಿಮೆ ವಾಲಿ ನಿಲ್ಲುವಂತೆ ಸೈಡ್ ಸ್ಟ್ಯಾಂಡಿನ ಪಾದದ ಕೆಳಗೆ ತೆಳುವಾದ ಹಲಗೆಯೊಂದನ್ನು ಇಡಿ. ಮುಂದಿನ ಬ್ರೇಕ್ ಲಿವರನ್ನು ಟ್ಯೂಬಿನ ರಬ್ಬರಿನಿಂದ ಬಿಗಿಯಾಗಿ ಕಟ್ಟಿ. ಎಡಬದಿಯಲ್ಲಿ ನಿಂತು, ಒಂದು ಕೈಯಿಂದ ಹಿಂದಿನ ಹಿಡಿಕೆಯನ್ನು ಹಿಡಿದು ಬೈಕನ್ನು ನೆಟ್ಟಗೆ ಮಾಡಿ, ಇನ್ನೊಂದು ಕೈಯಿಂದ ಎರಡೂ ಕೊಕ್ಕೆಗಳು ಗುಬ್ಬಿಗೆ ಕುಳಿತದ್ದನ್ನು ಖಚಿತಪಡಿಸಿಕೊಂಡ ನಂತರವೇ ಹಿಡಿಯನ್ನು ಒಂದೇ ಹದದಲ್ಲಿ ಒತ್ತಿ. ಸೈಡ್ ಸ್ಟ್ಯಾಂಡನ್ನು ಮಡಚಬೇಡಿ. ಆಯ ತಪ್ಪಿದರೆ ಬೈಕನ್ನು ಹಿಡಿಯುವುದು ಅದೇ. ಇಳಿಸುವಾಗಲೂ ಅದು ತೆರೆದಿದೆಯೆಂದು ನೋಡಿಕೊಂಡೇ ಇಳಿಸಿ.

ಚೈನು ತೊಳೆಯುವಾಗ ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಚಕ್ರವನ್ನು ಕೈಯಿಂದಲೇ ತಿರುಗಿಸಿ. ಗೇರಿನಲ್ಲಿಟ್ಟು ಎಂಜಿನ್ ಓಡಿಸುತ್ತ ಚೈನಿಗೆ ಬಟ್ಟೆ ಹಿಡಿಯುವವರನ್ನು ನೋಡಿದ್ದೇನೆ. ಬಟ್ಟೆ ಚೈನಿನ ಹಲ್ಲುಗಾಲಿಗೆ (ಸ್ಪ್ರಾಕೆಟ್) ಸಿಕ್ಕಿಕೊಂಡರೆ ಬೆರಳು ಉಳಿಯುವುದಿಲ್ಲ. ಚಕ್ರ ಬಿಚ್ಚುವ ದಿನ ಆಕ್ಸಲ್ ನಟ್ಟನ್ನು ಚಕ್ರ ನೆಲದಲ್ಲಿರುವಾಗಲೇ ಸಡಿಲಿಸಿ, ಕೊನೆಯ ಬಿಗಿತವನ್ನೂ ನೆಲದ ಮೇಲೆಯೇ ಟಾರ್ಕ್ ರೆಂಚಿನಿಂದ (ಬಿಗಿತವನ್ನು ಅಳೆದು ಕೊಡುವ ಸ್ಪ್ಯಾನರ್) ಕೊಡಿ. ಸ್ಟ್ಯಾಂಡಿನ ಮೇಲಿದ್ದಾಗ ಜೋರಾಗಿ ಎಳೆದರೆ ಬೈಕು ಉರುಳುತ್ತದೆ. ಮುಂದಿನ ಚಕ್ರದ ಸ್ಟ್ಯಾಂಡ್ ಸದ್ಯಕ್ಕೆ ಬೇಕಿಲ್ಲ. ಬೇಕಾದಾಗಲೂ ಹಿಂದಿನದನ್ನು ಎತ್ತಿ ನಿಲ್ಲಿಸಿದ ಮೇಲೆಯೇ ಮುಂದಿನದನ್ನು ಎತ್ತಬೇಕು.

ಪ್ರಶ್ನೆ ಕೇಳಿದವರು

ಸರ್, ತಮಗೆ ಬಹಳ ಧನ್ಯವಾದಗಳು. ಸರ್ವೀಸ್ ಸೆಂಟರಿನಲ್ಲಿ ಕೇಳಿ ನಮ್ಮ ಬೈಕಿನ ಬೋಲ್ಟ್ 8 ಮಿಲಿಮೀಟರಿನದೆಂದು ತಿಳಿದುಕೊಂಡು, ಅದಕ್ಕೆ ಹೊಂದುವ ಗುಬ್ಬಿಗಳನ್ನೂ ಕೊಕ್ಕೆಯ ಸ್ಟ್ಯಾಂಡನ್ನೂ ತರಿಸಿಕೊಂಡೆ. ಕಣದ ಮೇಲುಗಡೆಯ ಅಂಚಿನಲ್ಲಿ ಸಮತಟ್ಟಾದ ಜಾಗ ಸಿಕ್ಕಿತು. ಈಗ ಒಬ್ಬನೇ ಎತ್ತುತ್ತಿದ್ದೇನೆ, ಎರಡೂ ಬದಿ ಒಟ್ಟಿಗೇ ಮೇಲೇಳುತ್ತವೆ. ಒಂದು ಸಂದೇಹ ಉಳಿದಿದೆ: ಗುಬ್ಬಿಗಳನ್ನು ಬೈಕಿನಲ್ಲೇ ಬಿಟ್ಟು ಓಡಿಸಬಹುದೇ?

ಉತ್ತರ (ಸಕಲೇಶಪುರ)

ಧಾರಾಳವಾಗಿ ಬಿಡಬಹುದು. ಮಳೆಗಾಲದಲ್ಲಿ ಬೋಲ್ಟು ತುಕ್ಕು ಹಿಡಿದು ಮರೆಯಲ್ಲಿ ಕಚ್ಚಿಕೊಳ್ಳದಂತೆ ಅದಕ್ಕೆ ಸ್ವಲ್ಪ ಗ್ರೀಸ್ ಸವರಿ, ಚೈನು ತೊಳೆಯುವಾಗಲೆಲ್ಲ ಗುಬ್ಬಿಗಳು ಸಡಿಲವಾಗಿವೆಯೇ ಎಂದು ಸ್ಪ್ಯಾನರಿನಿಂದ ನೋಡುತ್ತಿರಿ.